ಮಾಜಿ ಸೈನಿಕರಿಗಾಗಿ ರಾಕ್ ಶೋ: ಹಾಸನ, ಚಿಕ್ಕಮಗಳೂರಿನ ಬ್ಯಾಂಡ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಸಹಾಯಾರ್ಥ ಶೋ ಇಟ್ಟುಕೊಂಡ ಸಣ್ಣ ಊರಿನ ಬ್ಯಾಂಡ್‌ಗಳು ಎಡವುವುದು ಸಂಗೀತದಲ್ಲಲ್ಲ, ಕೆಲಸದ ಸರದಿಯಲ್ಲಿ. ಮೊದಲು ಸೌಂಡ್ಸ್‌ನವರಿಗೆ ಅಡ್ವಾನ್ಸ್, ಆಮೇಲೆ ಪೋಸ್ಟರ್, ಆಮೇಲೆ ಪೊಲೀಸ್ ಠಾಣೆ, ಎಲ್ಲ ಮುಗಿದ ಮೇಲೆ ‘ದುಡ್ಡು ಯಾರಿಗೆ ಕೊಡೋಣ?’ ಎಂಬ ಪ್ರಶ್ನೆ. ಅಷ್ಟರಲ್ಲಿ ಕೊಡಲು ದುಡ್ಡೇ ಉಳಿದಿರುವುದಿಲ್ಲ. ಕೆಳಗಿನ ಹಂತಗಳನ್ನು ಇದೇ ಸರದಿಯಲ್ಲಿ ಮಾಡಿ. ಹಾಲ್ ಶೋ, 300ರಿಂದ 400 ಜನ, ನಾಲ್ಕೈದು ಜನರ ಬ್ಯಾಂಡ್ ಎಂದಿಟ್ಟುಕೊಂಡು ಲೆಕ್ಕ ಕೊಟ್ಟಿದೆ. ಒಟ್ಟು ಎಂಟು ವಾರ ಬೇಕು.

## ಹಂತ 1: ಹಣ ಯಾರಿಗೆ ಎಂದು ಮೊದಲು ಗೊತ್ತು ಮಾಡಿ (8 ವಾರ ಮುಂಚೆ)

ಮೂರು ದಾರಿಗಳಿವೆ. ಒಂದು, ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆ ನಿಧಿ. ಡಿಸೆಂಬರ್ 7ರ ಧ್ವಜ ದಿನ 1949ರಿಂದ ನಡೆದುಬಂದಿದೆ, ಆದರೆ ನಿಧಿಗೆ ವರ್ಷದ ಯಾವ ದಿನ ಬೇಕಾದರೂ ಕೊಡಬಹುದು. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿ. ಎರಡು, ನೋಂದಣಿಯಾದ ಮಾಜಿ ಸೈನಿಕರ ಸಂಘ. ಮೂರು, ಗೊತ್ತಿರುವ ಒಂದು ಕುಟುಂಬದ ನಿರ್ದಿಷ್ಟ ಖರ್ಚು: ಮಗಳ ಕಾಲೇಜು ಫೀಸು, ಮಂಡಿ ಶಸ್ತ್ರಚಿಕಿತ್ಸೆ ಇತ್ಯಾದಿ.

ಮೊದಲ ಶೋಗೆ ಮೊದಲನೆಯ ಅಥವಾ ಎರಡನೆಯ ದಾರಿಯೇ ಸರಿ. ಕುಟುಂಬಕ್ಕೆ ನೇರವಾಗಿ ಕೊಡುವುದು ಮನಸ್ಸಿಗೆ ಹತ್ತಿರವೆನಿಸುತ್ತದೆ. ಆದರೆ ಆ ಮನೆಯವರ ಫೋಟೊ, ಕಷ್ಟ ಎಲ್ಲವೂ ಪೋಸ್ಟರ್ ಮೇಲೆ ಬರುತ್ತದೆ. ಸಣ್ಣ ಊರಿನಲ್ಲಿ ಅದು ಬೇಗ ಮುಜುಗರವಾಗುತ್ತದೆ.

ಮಾಜಿ ಸೈನಿಕರೆಲ್ಲರಿಗೂ ಪಿಂಚಣಿ ಬರುತ್ತದೆಂದು ತಿಳಿದವರೇ ಹೆಚ್ಚು. ಜವಾನರಿಗೆ ಸೇವಾ ಪಿಂಚಣಿ ಸಿಗಲು ಸಾಮಾನ್ಯವಾಗಿ 15 ವರ್ಷ ಸೇವೆಯಾಗಿರಬೇಕು. ಅದಕ್ಕೂ ಮುಂಚೆ ಮನೆಗೆ ಬಂದು ಈಗ 70 ದಾಟಿದವರು ಹಳ್ಳಿಗಳಲ್ಲಿದ್ದಾರೆ. ಸಂಘದವರ ಹತ್ತಿರ ಮಾತಾಡುವಾಗ ಪಿಂಚಣಿ ಇಲ್ಲದವರು ಎಷ್ಟು ಜನ ಎಂದು ಕೇಳಿ. ನಿಜವಾಗಿ ಹಣ ತಲುಪಬೇಕಾದ್ದು ಅಲ್ಲಿಗೆ.

ಈ ಹಂತ ಮುಗಿಯುವ ಮುಂಚೆ ಕೈಯಲ್ಲಿರಬೇಕಾದ್ದು: ಚೆಕ್ ಯಾರ ಹೆಸರಿಗೆ ಬರೆಯಬೇಕು ಎಂಬುದು ಅವರೇ ಬರೆದುಕೊಟ್ಟ ರೂಪದಲ್ಲಿ, ನಿಮ್ಮ ಶೋ ಅವರಿಗೆ ಗೊತ್ತಿದೆ, ಅವರ ಹೆಸರು ಬಳಸಲು ಒಪ್ಪಿಗೆ ಇದೆ ಎಂಬ ಒಂದು ಪುಟದ ಪತ್ರ, ತೆರಿಗೆ ವಿನಾಯಿತಿಯ ರಸೀದಿ ಕೊಡುತ್ತಾರೋ ಇಲ್ಲವೋ ಎಂಬ ಉತ್ತರ.

ಎಚ್ಚರಿಕೆಯ ಗುರುತು: ‘ರಸೀದಿ ಯಾಕೆ, ಕ್ಯಾಶ್ ತಂದು ಕೊಡಿ ಸಾಕು’ ಎಂದವರಿಗೆ ನಮಸ್ಕಾರ ಹೇಳಿ ಬೇರೆಯವರನ್ನು ಹುಡುಕಿ.

## ಹಂತ 2: ‘ಲಾಭದಲ್ಲಿ ಪಾಲು’ ಎಂದು ಬರೆಯಬೇಡಿ

ಸಣ್ಣ ಶೋಗಳಲ್ಲಿ ಲಾಭ ಎಂಬುದು ಸಾಮಾನ್ಯವಾಗಿ ಸೊನ್ನೆ. ‘ಬಂದ ಲಾಭವೆಲ್ಲ ಸೈನಿಕರಿಗೆ’ ಎಂದು ಪೋಸ್ಟರ್ ಹಾಕಿ ಕೊನೆಗೆ ಏನೂ ಕೊಡದಿದ್ದರೆ ಊರು ಮರೆಯುವುದಿಲ್ಲ. ಟಿಕೆಟ್‌ನ ಒಟ್ಟು ಹಣದಲ್ಲೇ ಇಂತಿಷ್ಟು ಪಾಲು ಎಂದು ಗೊತ್ತು ಮಾಡಿ, ಖರ್ಚನ್ನು ಉಳಿದದ್ದರಲ್ಲಿ ಹೊಂದಿಸಿ.

ಉದಾಹರಣೆಗೆ 200 ರೂಪಾಯಿಯ 280 ಟಿಕೆಟ್ ಹೋದರೆ 56,000. ಅದರಲ್ಲಿ ಶೇ 25 ನಿಧಿಗೆ, ಅಂದರೆ 14,000. ಉಳಿದ 42,000ದಲ್ಲಿ ಹಾಲ್, ಸೌಂಡ್, ಲೈಟ್, ಜನರೇಟರ್, ಪರವಾನಗಿ, ಊಟ ಎಲ್ಲ ಬರಬೇಕು. ಬರುವುದಿಲ್ಲ ಎನಿಸಿದರೆ ಲೈಟ್ ಕಡಿಮೆ ಮಾಡಿ, ಪಾಲನ್ನು ಮುಟ್ಟಬೇಡಿ. ದೇಣಿಗೆ ಡಬ್ಬಿಯ ಹಣ ಪೂರ್ತಿ ಬೇರೆ ಲೆಕ್ಕ. ಅದರಲ್ಲಿ ಒಂದು ರೂಪಾಯಿಯೂ ಖರ್ಚಿಗೆ ಹೋಗಬಾರದು.

ಉಚಿತ ಪಾಸ್ 40 ದಾಟಬಾರದು. ಮಾಜಿ ಸೈನಿಕರು ಮತ್ತು ಅವರ ಮನೆಯವರ ಸೀಟು ಈ 40ರ ಲೆಕ್ಕಕ್ಕೆ ಸೇರುವುದಿಲ್ಲ. ಪಾಸ್ ಕೇಳುವವರು ಸಾಮಾನ್ಯವಾಗಿ ಟಿಕೆಟ್ ಕೊಳ್ಳುವ ಶಕ್ತಿ ಇರುವವರೇ ಎಂಬುದು ಎಲ್ಲ ಆಯೋಜಕರಿಗೂ ಗೊತ್ತಿರುವ ವಿಷಯ.

## ಹಂತ 3: ದಿನಾಂಕ

ನಮ್ಮ ಎರಡು ಜಿಲ್ಲೆಗಳ ಕ್ಯಾಲೆಂಡರ್ ಬೆಂಗಳೂರಿನದ್ದಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಸಕಲೇಶಪುರ, ಮೂಡಿಗೆರೆ ಕಡೆಯವರು ಸಂಜೆ ಹೊರಡುವುದಿಲ್ಲ. ಗಣೇಶೋತ್ಸವದಲ್ಲಿ ಸೌಂಡ್ ಸೆಟ್ ಸಿಗುವುದಿಲ್ಲ. ಹಾಸನಾಂಬ ದರ್ಶನದ ದಿನಗಳಲ್ಲಿ ಹಾಸನದ ಪೊಲೀಸರಿಗೂ ಲಾಡ್ಜ್‌ಗಳಿಗೂ ಪುರುಸೊತ್ತಿಲ್ಲ. ನವೆಂಬರ್ ಪೂರ್ತಿ ರಾಜ್ಯೋತ್ಸವದ ಆರ್ಕೆಸ್ಟ್ರಾಗಳು. ಡಿಸೆಂಬರ್‌ನಲ್ಲಿ ದತ್ತ ಜಯಂತಿಯ ವಾರ ಚಿಕ್ಕಮಗಳೂರು ಪೂರ್ತಿ ಬಂದೋಬಸ್ತ್. ಮಾರ್ಚ್ ಪರೀಕ್ಷೆ ತಿಂಗಳು. ಧ್ವನಿವರ್ಧಕದ ಮೇಲೆ ದೂರು ಬರುವುದು ಖಚಿತ.

ಉಳಿಯುವುದು ಧನುರ್ಮಾಸ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ಮದುವೆಗಳಿಲ್ಲ, ಕಲ್ಯಾಣ ಮಂಟಪಗಳು ಖಾಲಿ, ಜನರೇಟರ್‌ನವರೂ ಶಾಮಿಯಾನದವರೂ ಬಾಡಿಗೆಯಲ್ಲಿ ಚೌಕಾಸಿಗೆ ಸಿಗುತ್ತಾರೆ. ಈ ಅವಧಿಯ ಒಂದು ತುದಿಗೆ ಡಿಸೆಂಬರ್ 16ರ ವಿಜಯ ದಿವಸ, ಇನ್ನೊಂದು ತುದಿಗೆ ಜನವರಿ 14ರ ಮಾಜಿ ಸೈನಿಕರ ದಿನ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ 1953ರಲ್ಲಿ ನಿವೃತ್ತರಾದದ್ದು ಅದೇ ದಿನ. ಜನವರಿ ಎರಡನೇ ಶನಿವಾರ ನಮ್ಮ ಆಯ್ಕೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಮಾತ್ರ ಬೇಡ, ಚಿಕ್ಕಮಗಳೂರಿನ ರಸ್ತೆಗಳೆಲ್ಲ ಪ್ರವಾಸಿಗರ ಕಾರಿನಿಂದ ತುಂಬಿರುತ್ತವೆ.

ಶೋ ರಾತ್ರಿ 8.15ಕ್ಕೆ ಮುಗಿಯಬೇಕು. ಕಾನೂನು 10 ಗಂಟೆ ಎನ್ನುತ್ತದೆ, ನಿಜ. ಆದರೆ ಆಲೂರು, ಬೇಲೂರು, ಸಕಲೇಶಪುರದ ಹಳ್ಳಿಗಳವರು ಕಾಡಾನೆ ಓಡಾಡುವ ರಸ್ತೆಯಲ್ಲಿ ರಾತ್ರಿ ಬೈಕ್‌ನಲ್ಲಿ ಹೋಗಬೇಕು. 9ಕ್ಕೆ ಮುಗಿಸುವ ಶೋ ಎಂದರೆ ಏಳೂವರೆಗೇ ಅರ್ಧ ಹಾಲ್ ಖಾಲಿ.

## ಹಂತ 4: ಹಾಲ್ ಮತ್ತು ಪರವಾನಗಿ (6 ವಾರ ಮುಂಚೆ)

ಬಯಲು ವೇದಿಕೆಯ ಆಸೆ ಮೊದಲ ಸಲ ಬಿಡಿ. ಹಾಸನದಲ್ಲಿ ಹಾಸನಾಂಬ ಕಲಾಕ್ಷೇತ್ರ, ಚಿಕ್ಕಮಗಳೂರಿನಲ್ಲಿ ಕುವೆಂಪು ಕಲಾಮಂದಿರದಂಥ ರಂಗಮಂದಿರ ಸಿಕ್ಕರೆ ಒಳ್ಳೆಯದು; ಇಲ್ಲದಿದ್ದರೆ ಸಮುದಾಯ ಭವನ. ಕಲ್ಯಾಣ ಮಂಟಪ ಅಗ್ಗ, ಆದರೆ ಟೈಲ್ಸ್ ನೆಲ, ಬೋಳು ಗೋಡೆ, ಎತ್ತರದ ಸೀಲಿಂಗ್. ಹಾಲ್ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಸದ್ದು ಎರಡು ಸೆಕೆಂಡ್ ಗುಂಯ್‌ಗುಟ್ಟಿದರೆ ಅಲ್ಲಿ ಡ್ರಮ್ಸ್ ಗಲಾಟೆಯಾಗಿ ಕೇಳುತ್ತದೆ. ಬೇರೆ ಹಾಲ್ ಇಲ್ಲವೆಂದರೆ ವೇದಿಕೆ ಹಿಂದೆ ಮತ್ತು ಎದುರು ಗೋಡೆಗೆ ಶಾಮಿಯಾನದವರ ದಪ್ಪ ಪರದೆ ಇಳಿಬಿಡಿಸಿ, ಡ್ರಮ್ಸ್ ಕೆಳಗೆ ಜಮಖಾನ ಹಾಸಿ.

ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳು ಅದನ್ನು ಕಡ್ಡಾಯ ಮಾಡಿವೆ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಿರಬಹುದು. ಹಾಲ್ ಬುಕ್ ಮಾಡುವ ಮುಂಚೆಯೇ ಅಳೆದು ನೋಡಿ. ಠಾಣೆಗೆ ಕೊಡುವ ಅರ್ಜಿಯಲ್ಲಿ ದಿನಾಂಕ, ಸಮಯ, ನಿರೀಕ್ಷಿತ ಜನ, ವಾಹನ ನಿಲುಗಡೆ, ಇಬ್ಬರು ಜವಾಬ್ದಾರರ ಫೋನ್, ಹಾಲ್‌ನವರ ಒಪ್ಪಿಗೆ ಪತ್ರ, ಹಂತ 1ರ ಪತ್ರದ ಪ್ರತಿ ಇರಲಿ. ‘ರಾಕ್ ಶೋ’ ಎಂದಷ್ಟೇ ಬರೆದರೆ ಡಿಜೆ ಎಂದು ತಿಳಿಯುತ್ತಾರೆ. ‘ವಾದ್ಯಗೋಷ್ಠಿ, ಕುಳಿತು ನೋಡುವ ಪ್ರೇಕ್ಷಕರು, ಡಿಜೆ ಇಲ್ಲ, ಪಟಾಕಿ ಇಲ್ಲ’ ಎಂದು ಬಿಡಿಸಿ ಬರೆಯಿರಿ. ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ.

ಹಾಡುಗಳ ಹಕ್ಕು. ಸಹಾಯಾರ್ಥ ಎಂದ ಮಾತ್ರಕ್ಕೆ ಹಕ್ಕುಸ್ವಾಮ್ಯದಿಂದ ಬಿಡುಗಡೆ ಇಲ್ಲ. ಹವ್ಯಾಸಿ ಸಂಘ ಹಣ ಕೊಡದ ಪ್ರೇಕ್ಷಕರ ಮುಂದೆ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ನುಡಿಸಿದರೆ 1957ರ ಕಾಯ್ದೆ ವಿನಾಯಿತಿ ಕೊಡುತ್ತದೆ. ಟಿಕೆಟ್ ಇಟ್ಟ ನಿಮ್ಮ ಶೋ ಎರಡಕ್ಕೂ ಸೇರುವುದಿಲ್ಲ. ಬೇರೆಯವರ ಹಾಡು ನುಡಿಸುವುದಾದರೆ ಐಪಿಆರ್‌ಎಸ್ (ಗೀತರಚನಕಾರರ, ಸಂಗೀತ ಸಂಯೋಜಕರ ಹಕ್ಕು ನೋಡಿಕೊಳ್ಳುವ ಸಂಸ್ಥೆ) ಪರವಾನಗಿ ವಿಚಾರಿಸಿ. ವಿರಾಮದಲ್ಲಿ ರೆಕಾರ್ಡ್ ಹಾಕುವುದಾದರೆ ಅದು ಬೇರೆ ಪರವಾನಗಿ.

ಭಾವಗೀತೆಗೆ ಗಿಟಾರ್ ಹಾಕುವ ಆಸೆ ನಮ್ಮ ಕಡೆಯ ಬ್ಯಾಂಡ್‌ಗಳಿಗೆಲ್ಲ ಇದೆ. ಕವಿ ತೀರಿಕೊಂಡು 60 ವರ್ಷವಾಗುವವರೆಗೆ ಹಕ್ಕು ಇರುತ್ತದೆ. ಕುವೆಂಪು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದವರು, ನಮ್ಮವರೇ. ಆದರೆ ಅವರು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ ಅನುಮತಿ ಬೇಕು. ಶಿಶುನಾಳ ಷರೀಫರ ಪದಗಳಿಗೆ ಬೇಡ. ಕ್ಯಾಸೆಟ್‌ಗಳಲ್ಲಿ ಕೇಳಿ ಬೆಳೆದ ಧಾಟಿ ಮಾತ್ರ ಇನ್ನೊಬ್ಬರ ಸಂಯೋಜನೆ ಆಗಿರಬಹುದು, ಅದನ್ನು ಬಿಟ್ಟು ನಿಮ್ಮದೇ ಧಾಟಿ ಕಟ್ಟಿ. ಅದೇ ಹೆಚ್ಚು ಚೆನ್ನಾಗಿರುತ್ತದೆ ಕೂಡ.

## ಹಂತ 5: ಪೋಸ್ಟರ್, ಬಟ್ಟೆ, ಬಾವುಟ

ಸೇನೆಯ ಲಾಂಛನ, ರಾಷ್ಟ್ರ ಲಾಂಛನ ಪೋಸ್ಟರ್‌ಗೆ ಹಾಕಬೇಡಿ. ಕಾಂಬ್ಯಾಟ್ ಪ್ರಿಂಟ್ ಪ್ಯಾಂಟ್, ಮೆಡಲ್, ಸೇನೆಯ ಬೆರೆ ಟೋಪಿ ಹಾಕಿಕೊಂಡು ವೇದಿಕೆ ಹತ್ತಬೇಡಿ. ಎದುರಿಗೆ ಕೂತವರು ಅದನ್ನು ಬೆವರು ಸುರಿಸಿ ಗಳಿಸಿದವರು. ರಾಷ್ಟ್ರಧ್ವಜವನ್ನು ಆಂಪ್ಲಿಫೈಯರ್‌ಗೆ ಹೊದಿಸುವುದು, ಡ್ರಮ್ಸ್ ಮುಂದೆ ಕಟ್ಟುವುದು ಧ್ವಜ ಸಂಹಿತೆಗೆ ವಿರುದ್ಧ. ರಾಷ್ಟ್ರಗೀತೆ ಹಾಡುವುದಾದರೆ ಎಲ್ಲರೂ ನಿಂತು, ಸುಮಾರು 52 ಸೆಕೆಂಡ್, ಇದ್ದ ಧಾಟಿಯಲ್ಲೇ. ಗಿಟಾರ್ ಸೋಲೊ ಬೇಡ. ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದ ನಿಷೇಧವಿದೆ. ಬಟ್ಟೆ ಬ್ಯಾನರ್ ಬರೆಸಿ, ನಗರಾಡಳಿತದ ಅನುಮತಿ ಪಡೆದು ಕಟ್ಟಿ.

## ಹಂತ 6: ಸೌಂಡ್ಸ್‌ನವರಿಗೆ ಪಟ್ಟಿ ಕೊಡಿ (3 ವಾರ ಮುಂಚೆ)

ನಮ್ಮೂರ ಸೌಂಡ್ಸ್‌ನವರಿಗೆ ಆರ್ಕೆಸ್ಟ್ರಾ ಗೊತ್ತು, ಮದುವೆ ಗೊತ್ತು. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್, ಪ್ಯಾಡ್ ಎಲ್ಲ ನೇರ ಮಿಕ್ಸರ್‌ಗೆ ಹೋಗುತ್ತವೆ, ಗಾಯಕರಿಗೆ ಧಾರಾಳ ಎಕೋ. ಅಕೌಸ್ಟಿಕ್ ಡ್ರಮ್ಸ್‌ಗೆ ಮೈಕ್ ಹಾಕಿ ಅಭ್ಯಾಸವಿರುವುದು ಕಡಿಮೆ. ‘ಫುಲ್ ಸೆಟ್ ಕೊಡಿ’ ಎಂದರೆ ಅವರಿಗೆ ಫುಲ್ ಅನಿಸಿದ್ದು ಬರುತ್ತದೆ. ಬರೆದು ಕೊಡಿ:

- ಚಾನೆಲ್ 1 ಕಿಕ್, 2 ಸ್ನೇರ್, 3–4 ಡ್ರಮ್ಸ್ ಮೇಲೆ ಎರಡು ಓವರ್‌ಹೆಡ್
- 5 ಬೇಸ್ ಗಿಟಾರ್ (ಡಿಐ ಬಾಕ್ಸ್, ಅಂದರೆ ವಾದ್ಯವನ್ನು ನೇರ ಮಿಕ್ಸರ್‌ಗೆ ಜೋಡಿಸುವ ಪೆಟ್ಟಿಗೆ), 6 ಲೀಡ್ ಗಿಟಾರ್, 7 ರಿದಮ್ ಗಿಟಾರ್ (ಆಂಪ್ ಮುಂದೆ ಮೈಕ್)
- 8–9 ಕೀಬೋರ್ಡ್ (ಎರಡು ಡಿಐ), 10 ಮುಖ್ಯ ಗಾಯನ, 11–12 ಕೋರಸ್, 13 ನಿರೂಪಕರ ಕಾರ್ಡ್‌ಲೆಸ್

ಅಂದರೆ 16 ಚಾನೆಲ್ ಮಿಕ್ಸರ್, 10 ಮೈಕ್, 3 ಡಿಐ, 9 ಸ್ಟ್ಯಾಂಡ್ (ಅದರಲ್ಲಿ 4 ಗಿಡ್ಡವು), 4 ಮಾನಿಟರ್ (ವೇದಿಕೆಯವರು ತಮ್ಮ ಸದ್ದು ಕೇಳಿಸಿಕೊಳ್ಳುವ ಸ್ಪೀಕರ್). ಹಾಲ್‌ಗೆ ಒಂದೊಂದು ಬದಿಗೆ ಎರಡು 15 ಇಂಚಿನ ಟಾಪ್ ಸ್ಪೀಕರ್, ಒಂದು 18 ಇಂಚಿನ ಬೇಸ್ ಬಾಕ್ಸ್ ಸಾಕು. ಓವರ್‌ಹೆಡ್ ಮೈಕ್ ಕಂಡೆನ್ಸರ್ ಆದರೆ ಮಿಕ್ಸರ್‌ನಲ್ಲಿ 48 ವೋಲ್ಟ್ ಫ್ಯಾಂಟಮ್ ಪವರ್ (ಕೇಬಲ್ ಮೂಲಕವೇ ಮೈಕ್‌ಗೆ ಹೋಗುವ ಕರೆಂಟ್) ಇರಬೇಕು. ಇಲ್ಲದಿದ್ದರೆ ಮೈಕ್ ಕೆಟ್ಟಿದೆ ಎಂದು ಅರ್ಧ ಗಂಟೆ ಹುಡುಕಾಡುತ್ತೀರಿ.

ಕೇಳುವವರು ಮತ್ತೆ ಮತ್ತೆ ಹೇಳುವ ದೂರು ಒಂದೇ: ‘ಸಾಹಿತ್ಯ ಕೇಳಿಸಲಿಲ್ಲ.’ ಗಿಟಾರ್ ಆಂಪ್ ನೆಲದ ಮೇಲಿಟ್ಟರೆ ಸದ್ದು ವಾದಕನ ಮೊಣಕಾಲಿಗೆ ಹೊಡೆಯುತ್ತದೆ, ಕಿವಿಗೆ ಕೇಳಿಸದೆ ಅವನು ವಾಲ್ಯೂಮ್ ಏರಿಸುತ್ತಾನೆ, ಆ ಸದ್ದು ಗಾಯಕನ ಮೈಕ್‌ಗೆ ನುಗ್ಗುತ್ತದೆ. ಆಂಪನ್ನು ಕುರ್ಚಿಯ ಮೇಲಿಟ್ಟು ಅವನ ಕಿವಿಯ ಕಡೆಗೆ ವಾಲಿಸಿ. ವಾಲ್ಯೂಮ್ ತಾನಾಗಿ ಅರ್ಧಕ್ಕೆ ಇಳಿಯುತ್ತದೆ.

## ಹಂತ 7: ಕರೆಂಟ್ (ಇದನ್ನು ಓದದೆ ದಾಟಬೇಡಿ)

ಹಾಸನಕ್ಕೆ ಚೆಸ್ಕಾಂ, ಚಿಕ್ಕಮಗಳೂರಿಗೆ ಮೆಸ್ಕಾಂ. ಎರಡು ಕಡೆಯೂ ಸಂಜೆ ಕರೆಂಟ್ ಹೋಗಬಹುದು ಎಂದುಕೊಂಡೇ ತಯಾರಾಗಿ. ಹಾಲ್‌ನ ಜನರೇಟರ್ ಅನೇಕ ಕಡೆ ದೀಪ, ಫ್ಯಾನ್‌ಗೆ ಮಾತ್ರ. ವೇದಿಕೆಯ ಪ್ಲಗ್‌ಗೂ ಬರುತ್ತದೆಯೇ ಎಂದು ಮೇನ್ ಇಳಿಸಿ ನೋಡಿ. ಮೇಲಿನ ಸೆಟ್‌ಗೆ ಸೌಂಡ್, ಬ್ಯಾಂಡ್, ಎಲ್‌ಇಡಿ ಲೈಟ್ ಸೇರಿ 8ರಿಂದ 10 ಕಿಲೋವ್ಯಾಟ್ ಎಂದಿಟ್ಟುಕೊಳ್ಳಿ, 25 ಕೆವಿಎ ಜನರೇಟರ್ ನಿರಾಳ. ಡಿಜಿಟಲ್ ಮಿಕ್ಸರ್ ಇದ್ದರೆ ಅದಕ್ಕೊಂದು 1 ಕೆವಿಎ ಯುಪಿಎಸ್. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ಮೇಲೆ ಮಿಕ್ಸರ್ ಏಳುವವರೆಗೆ ಬ್ಯಾಂಡ್ ಮೂಕ.

ಎಲೆಕ್ಟ್ರಿಷಿಯನ್ ಜೊತೆ, ಮಲ್ಟಿಮೀಟರ್ ಹಿಡಿದು, ವೇದಿಕೆಯ ಒಂದೊಂದು ಪ್ಲಗ್‌ನಲ್ಲೂ ನೋಡಿಸಿ:

1. ಫೇಸ್–ನ್ಯೂಟ್ರಲ್: 220ರಿಂದ 240 ವೋಲ್ಟ್.
2. ಫೇಸ್–ಅರ್ಥ್: ಹೆಚ್ಚುಕಡಿಮೆ ಅಷ್ಟೇ. ಏರಿಳಿಯುತ್ತಿದ್ದರೆ ಅಥವಾ ತೀರಾ ಕಡಿಮೆ ತೋರಿಸಿದರೆ ಅರ್ಥ್ ಹೆಸರಿಗೆ ಮಾತ್ರ ಇದೆ.
3. ನ್ಯೂಟ್ರಲ್–ಅರ್ಥ್: 3 ವೋಲ್ಟ್‌ಗಿಂತ ಕಡಿಮೆ.

ಜನರೇಟರ್‌ಗೆ ಬದಲಾಯಿಸಿ ಇದನ್ನೇ ಇನ್ನೊಮ್ಮೆ ಮಾಡಿಸಿ. ವೇದಿಕೆಯ ಲೈನ್‌ಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಸೌಂಡ್ ಮತ್ತು ಬ್ಯಾಂಡ್‌ನ ಎಲ್ಲ ಆಂಪ್ ಒಂದೇ ಫೇಸ್‌ನಲ್ಲಿರಲಿ, ಲೈಟ್ ಇನ್ನೊಂದರಲ್ಲಿ. ಎರಡು ಫೇಸ್ ನಡುವೆ 400 ವೋಲ್ಟ್ ದಾಟಿರುತ್ತದೆ ಎಂಬುದು ನೆನಪಿರಲಿ.

ಇನ್ನೊಂದು ಪರೀಕ್ಷೆ ಗಾಯಕ-ಗಿಟಾರ್ ವಾದಕರಿಗಾಗಿ. ಆಂಪ್, ಮಿಕ್ಸರ್ ಎರಡೂ ಆನ್ ಮಾಡಿ. ಮೀಟರ್ ಎಸಿ ವೋಲ್ಟ್‌ನಲ್ಲಿ. ಒಂದು ತಂತಿಯ ಮೊನೆ ಗಿಟಾರ್ ಸ್ಟ್ರಿಂಗ್‌ಗೆ, ಇನ್ನೊಂದು ಮೈಕ್‌ನ ಜಾಲರಿಗೆ. ಒಂದೆರಡು ವೋಲ್ಟ್ ಬಂದರೆ ಸರಿ. 40, 60, 100 ಎಂದು ತೋರಿಸಿದರೆ ಎರಡರಲ್ಲೊಂದಕ್ಕೆ ಅರ್ಥ್ ಸಿಕ್ಕಿಲ್ಲ. ಸ್ಟ್ರಿಂಗ್ ಮೇಲೆ ಕೈಯಿಟ್ಟು ಮೈಕ್‌ಗೆ ತುಟಿ ತಾಗಿಸಿದ ಕೂಡಲೇ ಅದು ನಿಮ್ಮ ಮೈಯಲ್ಲಿ ಹರಿಯುತ್ತದೆ. ಮೈಕ್‌ಗೆ ಸ್ಪಂಜು ಹಾಕಿ ಮುಂದುವರಿಯುವುದು ಪರಿಹಾರವಲ್ಲ. ಎರಡನ್ನೂ ಒಂದೇ ಬೋರ್ಡ್‌ಗೆ ತಂದು ಮತ್ತೆ ಅಳೆಯಿರಿ. ಕಾರಣ ಸಿಗುವವರೆಗೆ ಯಾರೂ ಮುಟ್ಟಬಾರದು.

‘ಹಮ್’ ಸದ್ದು ಹೋಗಲೆಂದು ಪ್ಲಗ್‌ನ ಅರ್ಥ್ ಪಿನ್ ಕೀಳುವ ಕೆಟ್ಟ ಚಾಳಿ ಬಹಳ ಕಡೆ ಇದೆ. ಹಮ್ ಕಡಿಮೆಯಾಗುತ್ತದೆ, ರಕ್ಷಣೆಯೂ ಹೋಗುತ್ತದೆ. ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಗುಂಡಿ ಇರುವುದೇ ಹಮ್ ತೆಗೆಯಲು, ಅದನ್ನು ಬಳಸಿ.

ಎಚ್ಚರಿಕೆಯ ಗುರುತು: ಹಾಲ್‌ನ ಒಂದು ಬದಿಯ ದೀಪ ಇದ್ದಕ್ಕಿದ್ದಂತೆ ಪ್ರಖರ, ಇನ್ನೊಂದು ಬದಿಯದು ಮಂಕು. ನ್ಯೂಟ್ರಲ್ ಸಡಿಲವಾಗಿದೆ. ಹಾಡು ನಡುವೆ ಇದ್ದರೂ ಸರಿ, ಮೇನ್ ಇಳಿಸಿ. ಅರ್ಧ ನಿಮಿಷ ತಡೆದರೆ ಆಂಪ್‌ಗಳು ಸುಡುತ್ತವೆ.

## ಹಂತ 8: ಮಾಜಿ ಸೈನಿಕರನ್ನು ಎಲ್ಲಿ ಕೂರಿಸಬೇಕು

ಗೌರವ ಎಂದುಕೊಂಡು ಎಲ್ಲರೂ ಮಾಡುವ ತಪ್ಪು: ಎಪ್ಪತ್ತು, ಎಂಬತ್ತು ದಾಟಿದವರನ್ನು ಮೊದಲ ಸಾಲಿನಲ್ಲಿ, ಬೇಸ್ ಬಾಕ್ಸ್‌ಗೆ ಎರಡು ಮೀಟರ್ ದೂರದಲ್ಲಿ ಎರಡೂವರೆ ಗಂಟೆ ಕೂರಿಸುವುದು. ಗುಂಡಿನ ಸದ್ದಿನಲ್ಲಿ ಕಿವಿ ಕಳೆದುಕೊಂಡವರು, ಶ್ರವಣ ಸಾಧನ ಹಾಕಿದವರು ಅವರಲ್ಲಿರುತ್ತಾರೆ. ಹಠಾತ್ ಸ್ಫೋಟದ ಸದ್ದು, ಮಿಂಚುವ ಸ್ಟ್ರೋಬ್ ಲೈಟ್ ಕೆಲವರಿಗೆ ಹಳೆಯದನ್ನು ಎಬ್ಬಿಸುತ್ತದೆ.

ಅವರ ಸೀಟು ಹಾಲ್‌ನ ನಡುವಿನಿಂದ ಹಿಂದಕ್ಕೆ, ನಡುದಾರಿಯ ಪಕ್ಕ, ಶೌಚಾಲಯಕ್ಕೂ ಬಾಗಿಲಿಗೂ ಹತ್ತಿರ. ಪಟಾಕಿ, ಪೇಪರ್ ಬ್ಲಾಸ್ಟ್, ಸ್ಟ್ರೋಬ್ ಬೇಡ. ಮಿಕ್ಸರ್ ಹತ್ತಿರ ಸದ್ದು 95 ಡೆಸಿಬೆಲ್ ದಾಟದಂತೆ ಒಬ್ಬರು ಫೋನ್ ಆ್ಯಪ್ ಹಿಡಿದು ನೋಡುತ್ತಿರಲಿ. ಆ್ಯಪ್ ನಿಖರವಲ್ಲ, ಅಂದಾಜಿಗೆ ಸಾಕು. ಬಾಗಿಲಲ್ಲಿ ಸ್ಪಂಜಿನ ಇಯರ್‌ಪ್ಲಗ್ ಡಬ್ಬಿ ಇಡಿ.

ಸನ್ಮಾನ ಶುರುವಿನಲ್ಲೇ, 15 ನಿಮಿಷ. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ತಟ್ಟೆ ಎಂದು ಒಬ್ಬೊಬ್ಬರಿಗೂ ನಾಲ್ಕು ನಿಮಿಷ ಹಿಡಿದರೆ ಹತ್ತು ಜನಕ್ಕೆ 40 ನಿಮಿಷ. ಜೊತೆಗೆ ಗಣ್ಯರ ಭಾಷಣ. ಶಾಲು ಒಂದೇ ಸಾಕು, ಭಾಷಣ ಒಂದೇ, ಅದೂ ಸಂಘದ ಹಿರಿಯರದ್ದು. ಹೆಸರು, ದರ್ಜೆಯನ್ನು ಅವರಿಂದಲೇ ಬರೆಸಿಕೊಳ್ಳಿ. ಸುಬೇದಾರ್ ಮೇಜರ್ ಆಗಿದ್ದವರನ್ನು ಹವಾಲ್ದಾರ್ ಎಂದು ಕೂಗಿದರೆ ಶಾಲು ಹೊದಿಸಿ ಪ್ರಯೋಜನವಿಲ್ಲ. ವಾಯುಪಡೆ, ನೌಕಾಪಡೆಯ ದರ್ಜೆಗಳೇ ಬೇರೆ. ಗಂಡನನ್ನು ಕಳೆದುಕೊಂಡ ವೀರನಾರಿಯರನ್ನು ವೇದಿಕೆಗೆ ಕರೆಯುವ ಮುಂಚೆ ಮನೆಗೆ ಹೋಗಿ ಕೇಳಿ. ಬೇಡ ಎಂದರೆ ಅಲ್ಲಿಗೇ ಬಿಡಿ.

ಹಾಲ್‌ನ ಹೊರಗೆ ಒಂದು ಸಹಾಯ ಮೇಜು ಹಾಕಿ. ಸಂಘದ ಕಾಗದಪತ್ರ ಬಲ್ಲವರೊಬ್ಬರು, ಲ್ಯಾಪ್‌ಟಾಪ್ ಹಿಡಿದ ಹುಡುಗರಿಬ್ಬರು. ರಕ್ಷಣಾ ಪಿಂಚಣಿಯ ಸ್ಪರ್ಶ್ ಪೋರ್ಟಲ್‌ನಲ್ಲಿ ಜೀವಂತ ಪ್ರಮಾಣಪತ್ರ ಸಿಕ್ಕಿಹಾಕಿಕೊಂಡು ಪಿಂಚಣಿ ನಿಂತವರಿಗೆ ಈ ಮೇಜು ನಿಮ್ಮ 14,000ಕ್ಕಿಂತ ದೊಡ್ಡದು. ಪಾಸ್‌ವರ್ಡ್, ಒಟಿಪಿ ಅವರೇ ಒತ್ತಲಿ, ನೀವು ಬರೆದಿಟ್ಟುಕೊಳ್ಳಬೇಡಿ.

## ಹಂತ 9: ಶೋ ದಿನ

- ಬೆಳಿಗ್ಗೆ 10: ಸೌಂಡ್, ಲೈಟ್ ಇಳಿಸುವುದು. 12: ಕರೆಂಟ್ ಪರೀಕ್ಷೆ.
- 3.00ರಿಂದ 4.30: ಸೌಂಡ್ ಚೆಕ್. 5.15: ಬಾಗಿಲು. 5.45: ಸನ್ಮಾನ.
- 6.15: ಕಾಲೇಜು ಹುಡುಗರ ತಂಡ, ಐದು ಹಾಡು. 6.50: ನಿಮ್ಮ ಬ್ಯಾಂಡ್. 8.15: ಮುಕ್ತಾಯ.

ಸೌಂಡ್ ಚೆಕ್‌ನಲ್ಲಿ ಎಲ್ಲರೂ ಒಟ್ಟಿಗೆ ನುಡಿಸಲು ಶುರು ಮಾಡಿದರೆ ಆ ಒಂದೂವರೆ ಗಂಟೆ ಹೋದಂತೆಯೇ. ಕಿಕ್, ಸ್ನೇರ್, ಪೂರ್ತಿ ಡ್ರಮ್ಸ್, ಬೇಸ್, ಒಂದೊಂದೇ ಗಿಟಾರ್, ಕೀಬೋರ್ಡ್, ಕೊನೆಗೆ ಗಾಯನ. ಒಬ್ಬರು ನುಡಿಸುವಾಗ ಉಳಿದವರ ಕೈ ಸುಮ್ಮನಿರಲಿ. ಆಮೇಲೆ ಎರಡು ಹಾಡು: ಅತಿ ಜೋರಿನದೊಂದು, ಅತಿ ಮೆಲ್ಲಗಿನದೊಂದು. ಸ್ಪೀಕರ್‌ನಿಂದ ಕೂಗು (ಫೀಡ್‌ಬ್ಯಾಕ್) ಬಂದರೆ ಮೊದಲು ಮಾನಿಟರ್‌ನ ವಾಲ್ಯೂಮ್ ಇಳಿಸಿ. ಮೈಕ್‌ನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಾಡುವ ಗಾಯಕನೇ ಅರ್ಧ ಕೂಗಿಗೆ ಕಾರಣ.

ಜನವರಿಯ ಚಳಿಯಲ್ಲಿ ಕಾರಿನಿಂದ ತೆಗೆದ ಗಿಟಾರ್‌ನ ಶ್ರುತಿ ಬಿಸಿ ವೇದಿಕೆಯಲ್ಲಿ ನಿಲ್ಲುವುದಿಲ್ಲ. ಒಂದು ಗಂಟೆ ಮುಂಚೆ ಪೆಟ್ಟಿಗೆ ತೆರೆದಿಡಿ, ಲೈಟ್ ಹತ್ತಿದ ಮೇಲೆ ಮತ್ತೆ ಶ್ರುತಿ ಮಾಡಿ. ಹೊಸ ಸ್ಟ್ರಿಂಗ್ ಎರಡು ದಿನ ಮುಂಚೆ, ಅದೇ ದಿನವಲ್ಲ.

## ಹಂತ 10: ಎಣಿಕೆ ಮತ್ತು ಲೆಕ್ಕ

ದೇಣಿಗೆಗೆ ಬ್ಯಾಂಡ್ ಸದಸ್ಯರ ಸ್ವಂತ ಯುಪಿಐ ಬೇಡವೇ ಬೇಡ. ಸಂಘದ ಅಥವಾ ನಿಧಿಯ ಕ್ಯೂಆರ್ ಇಟ್ಟು, ಬೆಳಿಗ್ಗೆ ಒಂದು ರೂಪಾಯಿ ಕಳಿಸಿ ಯಾರ ಹೆಸರು ತೋರಿಸುತ್ತದೆ ಎಂದು ನೋಡಿ. ನಿಮ್ಮ ಕ್ಯೂಆರ್ ಮೇಲೆ ಯಾರೋ ಬೇರೆಯದನ್ನು ಅಂಟಿಸಿಲ್ಲವೇ ಎಂದು ನಡುನಡುವೆಯೂ ನೋಡಿ. ಡಬ್ಬಿಯ ಮುಚ್ಚಳಕ್ಕೆ ಕಾಗದದ ಪಟ್ಟಿ ಅಂಟಿಸಿ, ಸಂಘದವರೊಬ್ಬರ ಮತ್ತು ನಿಮ್ಮವರೊಬ್ಬರ ಸಹಿ ಹಾಕಿಸಿ. 8.30ಕ್ಕೆ ಅದೇ ಇಬ್ಬರು ಒಡೆದು ಎಣಿಸಲಿ, ಮೊತ್ತ ಬರೆದ ಹಾಳೆಯ ಫೋಟೊ ತೆಗೆಯಲಿ. ತೆರಿಗೆ ವಿನಾಯಿತಿ ಬಯಸುವ ದಾನಿಗಳಿಗೆ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ವಿನಾಯಿತಿ ಸಿಗುವುದಿಲ್ಲ ಎಂದು ಮೊದಲೇ ಹೇಳಿ, ಚೆಕ್ ಅಥವಾ ಯುಪಿಐ ಕೇಳಿ.

ಸೋಮವಾರವೇ ಬ್ಯಾಂಕಿಗೆ ಕಟ್ಟಿ, ಚೆಕ್ ಒಪ್ಪಿಸಿ, ರಸೀದಿ ಪಡೆಯಿರಿ. ಹತ್ತು ದಿನದೊಳಗೆ ಒಂದು ಪುಟದ ಲೆಕ್ಕ ಹಾಕಿ: ಮಾರಿದ ಟಿಕೆಟ್, ಕೊಟ್ಟ ಪಾಸ್, ಡಬ್ಬಿಯ ಮೊತ್ತ, ಖರ್ಚಿನ ಸಾಲುಗಳು, ರಸೀದಿಯ ಫೋಟೊ. ಬ್ಯಾಂಡ್‌ನವರು ಸಂಭಾವನೆ ತೆಗೆದುಕೊಂಡಿದ್ದರೆ ಅದೂ ಆ ಪುಟದಲ್ಲಿರಲಿ. ತೆಗೆದುಕೊಳ್ಳುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ಅದರ ಒಂದು ಪ್ರತಿ ಪರವಾನಗಿ ಕೊಟ್ಟ ಠಾಣೆಗೆ, ಒಂದು ಹಾಲ್‌ನವರಿಗೆ. ಮುಂದಿನ ವರ್ಷದ ಅರ್ಜಿಗೆ ಅದನ್ನೇ ಲಗತ್ತಿಸಬಹುದು.